ತಾರಸಿಯಲ್ಲಿ ಬಿಸಿ, ಬಚ್ಚಲಲ್ಲಿ ತಣ್ಣಗೆ

ಸೋಲಾರ್‌ನಿಂದ ಬಿಸಿನೀರು ಬರುತ್ತಿಲ್ಲ ಎಂದಾಗ ಮೊದಲು ಬೈಸಿಕೊಳ್ಳುವುದು ಪ್ಯಾನೆಲ್ಲು, ಆಮೇಲೆ ಮೋಡ. ಬೆಂಗಳೂರಿನಂಥ ಊರಿನಲ್ಲಿ ಇವೆರಡೂ ಬಹುಮಟ್ಟಿಗೆ ನಿರಪರಾಧಿಗಳು. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4.65 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಾಖ ಬೇಕು. ಇಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. 2 ಚದರ ಮೀಟರಿನ ಫ್ಲಾಟ್ ಪ್ಲೇಟ್ ಕಲೆಕ್ಟರ್, ಅಂದರೆ ಒಳಗೆ ತಾಮ್ರದ ನಾಳಗಳಿರುವ ಚಪ್ಪಟೆ ಪ್ಯಾನೆಲ್, ಅದರಲ್ಲಿ ಅರ್ಧವನ್ನಷ್ಟೇ ಹಿಡಿದರೂ ಲೆಕ್ಕ ಸರಿಹೋಗುತ್ತದೆ. 60 ಡಿಗ್ರಿಯ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಸ್ನಾನದ ನೀರು ಸಿದ್ಧ. ಅಂದರೆ 100 ಲೀಟರಿನಿಂದ 20 ಲೀಟರಿನ ಹತ್ತು ಬಕೆಟ್. ಬಕೆಟ್ ಸ್ನಾನದ ನಾಲ್ವರಿಗೆ ಧಾರಾಳ. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರ್ ಕೆಳಗೆ ಒಬ್ಬೊಬ್ಬರೂ ಹತ್ತು ನಿಮಿಷ ನಿಲ್ಲುವ ಮನೆಯಾದರೆ 200 ಲೀಟರಿನದ್ದನ್ನೇ ಕೊಳ್ಳಬೇಕು.

2007ರ ಸುಮಾರಿಗೆ ಬೆಂಗಳೂರಿನ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯವಾಯಿತು. ಕರೆಂಟ್ ಕನೆಕ್ಷನ್ ಸಿಕ್ಕರೆ ಸಾಕು ಎಂದು ಎಲ್ಲೋ ಒಂದು ಮೂಲೆಯಲ್ಲಿ ಕೂರಿಸಿದವೂ ಸಾಕಷ್ಟಿವೆ. ಅಂಥವುಗಳ ಕಾಯಿಲೆ ಪೈಪಿನ ಏರಿಳಿತ, ಟ್ಯಾಂಕಿನ ಎತ್ತರಗಳಿಂದಲೇ ಶುರುವಾಗುತ್ತದೆ.

ಮನೆಗಳಲ್ಲಿರುವ ಬಹುಪಾಲು ಸೋಲಾರ್‌ಗಳಿಗೆ ಪಂಪ್ ಇರುವುದಿಲ್ಲ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ನೀರು 998 ಕಿಲೋ ತೂಗಿದರೆ 60 ಡಿಗ್ರಿಯಲ್ಲಿ 983 ಕಿಲೋ. ಆ 15 ಕಿಲೋ ವ್ಯತ್ಯಾಸವೇ ಬಿಸಿನೀರನ್ನು ಕಲೆಕ್ಟರಿನಿಂದ ಅದರ ಮೇಲಿರುವ ಸೋಲಾರ್ ಟ್ಯಾಂಕಿಗೆ ಏರಿಸಿ, ತಣ್ಣೀರನ್ನು ಕೆಳಗಿಳಿಸುತ್ತದೆ. ಇಷ್ಟು ಬಡ ಬಲಕ್ಕೆ ಅಡ್ಡಿ ತಾಳಿಕೊಳ್ಳುವ ಶಕ್ತಿಯಿಲ್ಲ. ಕಲೆಕ್ಟರಿನಿಂದ ಟ್ಯಾಂಕಿಗೆ ಹೋಗುವ ಬಿಸಿನೀರಿನ ಪೈಪು ಉದ್ದಕ್ಕೂ ಏರುತ್ತಲೇ ಹೋಗಬೇಕು. ನಡುವೆ ಒಂದೆಡೆ ಬಾಗಿ ಗೂನು ಬಿದ್ದರೂ ಅಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಆಗ ಕಲೆಕ್ಟರ್ ಮುಟ್ಟಲಾಗದಷ್ಟು ಸುಡುತ್ತಿರುತ್ತದೆ, ಟ್ಯಾಂಕಿನ ನೀರು ಮಾತ್ರ ತಣ್ಣಗೆ.

ತಣ್ಣೀರಿನ ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ತಾರಸಿಯಿಂದ ಏಳು ಅಡಿ ಎಂದು ಕಂಪನಿಗಳವರು ಕೇಳುವುದು ಇದಕ್ಕೇ. ಸೋಲಾರ್ ಟ್ಯಾಂಕಿನ ಮೇಲಿಂದ ಎದ್ದು ನಿಲ್ಲುವ ಏರ್ ವೆಂಟ್ ಪೈಪಿನ ಬಾಯಿ, ಓವರ್‌ಹೆಡ್ ಟ್ಯಾಂಕ್ ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದಡಿ ಎತ್ತರದಲ್ಲಿರಲಿ. ತಗ್ಗಿದ್ದರೆ ಬಿಸಿನೀರು ಅಲ್ಲಿಂದಲೇ ಹೊರಚೆಲ್ಲುತ್ತದೆ. ನೀರು ಚೆಲ್ಲುತ್ತದೆಂದು ಅದಕ್ಕೆ ಬಿರಡೆ ಜಡಿಯುವುದು ಮಾತ್ರ ಅಪಾಯದ ಕೆಲಸ. ಹಬೆಗೆ ದಾರಿಯಿಲ್ಲದೆ ಟ್ಯಾಂಕ್ ಉಬ್ಬಬಹುದು, ನೀರು ಖಾಲಿಯಾಗುವಾಗ ಗಾಳಿ ಸಿಗದೆ ಒಳಕ್ಕೆ ಕುಸಿಯಲೂಬಹುದು.

ಕಲೆಕ್ಟರಿನ ಮುಖ ದಕ್ಷಿಣಕ್ಕೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆದರೆ ಬಿಸಿನೀರಿನ ಬೆಲೆ ತಿಳಿಯುವುದು ಡಿಸೆಂಬರಿನಲ್ಲಿ, ಆಗ ಅವನು ದಕ್ಷಿಣದಲ್ಲಿ 54 ಡಿಗ್ರಿಯಷ್ಟೇ ಎತ್ತರಕ್ಕೆ ಬರುವುದು. ಅದಕ್ಕೇ ಅಕ್ಷಾಂಶಕ್ಕೆ ಇನ್ನೊಂದು ಹತ್ತು ಡಿಗ್ರಿ ಸೇರಿಸಿ 20ರಿಂದ 25 ಡಿಗ್ರಿ ಓರೆ ಕೊಡುವುದು ಒಳ್ಳೆಯದು. ನೆರಳು ನೋಡಬೇಕಾದದ್ದೂ ಡಿಸೆಂಬರಿಗೇ. ಆ ತಿಂಗಳ ಬೆಳಗಿನ ಒಂಬತ್ತರ ಸುಮಾರಿಗೆ ಹತ್ತಡಿ ಎತ್ತರದ ಗೋಡೆಯ ನೆರಳು ಹದಿನೈದು ಅಡಿ ದಾಟುತ್ತದೆ. ಮೇ ತಿಂಗಳಲ್ಲಿ ಜಾಗ ನೋಡಿ ಕೂರಿಸಿದ ಪ್ಯಾನೆಲ್ ಚಳಿಗಾಲದಲ್ಲಿ ಮೆಟ್ಟಿಲುಕೋಣೆಯ ನೆರಳಿಗೆ ಬೀಳುವುದು ಹೀಗೆ.

ಫ್ಲಾಟ್ ಪ್ಲೇಟೋ, ಗಾಜಿನ ಕೊಳವೆಯದ್ದೋ ಎಂಬುದನ್ನು ನಿಮ್ಮ ನೀರು ತೀರ್ಮಾನಿಸಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣ ಹೊರಬಿದ್ದು, ಫ್ಲಾಟ್ ಪ್ಲೇಟಿನೊಳಗಿನ ಅರ್ಧ ಇಂಚಿನ ತಾಮ್ರದ ನಾಳಗಳನ್ನು ವರ್ಷದಿಂದ ವರ್ಷಕ್ಕೆ ಕಟ್ಟುತ್ತದೆ. ಗಾಜಿನ ಕೊಳವೆಗಳು ಅಗಲವಾಗಿರುವುದರಿಂದ ಸುಣ್ಣ ತಳದಲ್ಲಿ ಕೂತರೂ ಬಹುಕಾಲ ಕೆಲಸ ನಡೆಯುತ್ತದೆ. ಕಾವೇರಿ ನೀರಿನ ಮನೆಗೆ ತಾಮ್ರದ ಫ್ಲಾಟ್ ಪ್ಲೇಟ್ ಈಗಲೂ ನಮ್ಮ ಮೊದಲ ಆಯ್ಕೆ. ಎರಡರಲ್ಲೂ ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳು ಇದೆಯೇ ಎಂದು ಕೇಳಿ ನೋಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ, ಸವೆದ ಮೇಲೆ ಬದಲಿಸಬೇಕು.

ಇನ್ನು ಪೈಪು. ಒಳವ್ಯಾಸ 20 ಮಿಲಿಮೀಟರ್ ಇರುವ ಪೈಪಿನಲ್ಲಿ ಮೀಟರಿಗೆ 0.31 ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಪೈಪ್ ಇದ್ದರೆ ಬಿಸಿನೀರು ಬರುವ ಮೊದಲು 6 ಲೀಟರ್ ತಣ್ಣೀರು ಹರಿಯಬೇಕು. ಕೊನೆಗೆ ನಲ್ಲಿ ನಿಲ್ಲಿಸಿದಾಗ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರುತ್ತದೆ. ಆದ್ದರಿಂದ ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದು ಲಾಭ. ತಾರಸಿಯ ಮೇಲಿನ ಪೈಪಿಗೆ ನೈಟ್ರೈಲ್ ರಬ್ಬರಿನ ಹೊದಿಕೆ ಹಾಕಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ. ಸಾಧಾರಣ ಪಿವಿಸಿ ಪೈಪು ಬಿಸಿಗೆ ಮೆತ್ತಗಾಗುತ್ತದೆ, ಬೇಡ. ಬಿಸಿ ತಾಳುವ ಸಿಪಿವಿಸಿ ಆಗಬಹುದು, ಟ್ಯಾಂಕಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಮಾತ್ರ ಜಿಐ (ಸತು ಲೇಪಿಸಿದ ಕಬ್ಬಿಣ) ಇರಲಿ.

ಎಲ್ಲ ಸರಿಯಿದ್ದೂ ನೀರು ಬೆಚ್ಚಗಷ್ಟೇ ಬರುತ್ತಿದ್ದರೆ ಬಿಸಿನೀರು, ತಣ್ಣೀರು ಬೆರೆಸುವ ಬಚ್ಚಲಿನ ಮಿಕ್ಸರ್ ನಲ್ಲಿಯನ್ನು ಹಿಡಿಯಿರಿ. ಬಚ್ಚಲಲ್ಲಿ ಬಿಸಿ, ತಣ್ಣಗೆ ಎರಡೂ ತಿರುಪುಗಳನ್ನು ತೆರೆದಿಟ್ಟು, ಹ್ಯಾಂಡ್ ಶವರಿನ ತುದಿಯ ಗುಂಡಿಯಲ್ಲಷ್ಟೇ ನೀರು ನಿಲ್ಲಿಸಿದರೆ ಎರಡು ಪೈಪುಗಳೂ ಮಿಕ್ಸರಿನೊಳಗೆ ಕೂಡಿಕೊಂಡೇ ಇರುತ್ತವೆ. ತಣ್ಣೀರಿನ ಪೈಪಿಗೆ ಪ್ರೆಶರ್ ಪಂಪ್ ಇದ್ದು ಬಿಸಿನೀರಿಗೆ ಇಲ್ಲದಿದ್ದರಂತೂ ತಣ್ಣೀರು ಬಿಸಿಪೈಪಿಗೆ ನುಗ್ಗಿ ಸೋಲಾರ್ ಟ್ಯಾಂಕಿನವರೆಗೂ ಏರಿ, ಏರ್ ವೆಂಟಿನಿಂದ ಸುರಿಯುತ್ತದೆ. ಪತ್ತೆ ಮಾಡುವುದು ಸುಲಭ. ಪ್ರೆಶರ್ ಪಂಪ್ ಚಾಲೂ ಇರುವಂತೆಯೇ, ಸೋಲಾರಿಗೆ ತಣ್ಣೀರು ಹೋಗುವ ಗೇಟ್ ವಾಲ್ವ್ ಮುಚ್ಚಿ, ಬಚ್ಚಲಿನ ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಿರಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ ಮನೆಯ ಯಾವುದೋ ಮಿಕ್ಸರ್ ಸೋರುತ್ತಿದೆ. ಒಂದೊಂದನ್ನೇ ಮುಚ್ಚುತ್ತ ಬಂದರೆ ಕಳ್ಳ ಸಿಗುತ್ತಾನೆ. ಬಿಸಿಪೈಪಿಗೆ, ನೀರನ್ನು ಹಿಂದಕ್ಕೆ ಬಿಡದ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸುವುದು ಪರಿಹಾರ. ತಾರಸಿಯ ನೀರಿನ ಒತ್ತಡ ಕಡಿಮೆ, ಸ್ಪ್ರಿಂಗ್ ಇರುವುದು ಹರಿವನ್ನು ಇನ್ನಷ್ಟು ತಗ್ಗಿಸಬಹುದು, ರೆಕ್ಕೆ ತೂಗುವ ಬಗೆಯದ್ದನ್ನೇ ಕೇಳಿ ತನ್ನಿ.

ಟ್ಯಾಂಕಿನೊಳಗಿನ 2 ಕಿಲೋವಾಟ್ ಹೀಟರ್ ಮೋಡದ ದಿನಕ್ಕೆ. ನೀರು 35 ಡಿಗ್ರಿಗೆ ನಿಂತಿದ್ದರೆ 100 ಲೀಟರನ್ನು 45ಕ್ಕೆ ಏರಿಸಲು ಅದಕ್ಕೆ 35 ನಿಮಿಷ ಸಾಕು. ಹಗಲೆಲ್ಲ ಸ್ವಿಚ್ ಹಾಕಿಟ್ಟರೆ ಬಿಸಿಲಿಗೆ ಮೊದಲೇ ಕರೆಂಟು ನೀರು ಕಾಯಿಸಿಬಿಡುತ್ತದೆ, ಸೋಲಾರ್ ಇದ್ದೂ ಇಲ್ಲದಂತೆ. ಬೆಳಗ್ಗೆ ಎದ್ದು ನೀರು ಮುಟ್ಟಿ ನೋಡಿ ಬೇಕಿದ್ದರಷ್ಟೇ ಹಾಕಿ. ಆ ಲೈನಿಗೆ, ಕರೆಂಟ್ ಸೋರಿದೊಡನೆ ತಾನೇ ಕಡಿದುಕೊಳ್ಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಬಟ್ಟೆ ಪಾತ್ರೆಗೆ ಬಿಸಿನೀರು ಬಳಸುವವರು ಬೆಳಗ್ಗೆಯೇ ಬಳಸಿದರೆ ಮಿಕ್ಕ ಹಗಲಿನ ಬಿಸಿಲು ಟ್ಯಾಂಕನ್ನು ಮತ್ತೆ ಕಾಯಿಸುತ್ತದೆ. ಸಂಜೆ ಬಳಸಿದ್ದು ಮರುದಿನದ ಸ್ನಾನದ ಪಾಲಿನಿಂದ ಹೋಗುತ್ತದೆ. ಮಲೆನಾಡಿನ ಜೂನ್, ಜುಲೈ ಮಳೆಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಅಲ್ಲಿ ಬಚ್ಚಲ ಹಂಡೆ, ಒಲೆಗಳನ್ನು ಕೆಡವದೆ ಉಳಿಸಿಕೊಂಡವರೇ ಜಾಣರು.

ಗಾಜಿನ ಕೊಳವೆಯ ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಪದರ ಇರುತ್ತದೆ. ಕೊಳವೆಯ ಎರಡು ಗಾಜಿನ ಪದರಗಳ ನಡುವೆ ಗಾಳಿ ಹೊಕ್ಕು ನಿರ್ವಾತ ಹೋದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ; ಆ ಕೊಳವೆ ಶಾಖ ಹಿಡಿದಿಡುವುದಿಲ್ಲ, ಬದಲಿಸಬೇಕು. ಮೊದಲು ಗೇಟ್ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಹೊಸ ಕೊಳವೆಯ ಬಾಯಿಗೆ ಸೋಪಿನ ನೀರು ಸವರಿ, ನಿಧಾನಕ್ಕೆ ತಿರುಗಿಸುತ್ತ ರಬ್ಬರ್ ಬಳೆಯೊಳಗೆ ತೂರಿಸಿ. ಈ ಕೆಲಸ ಬೆಳಗಿನ ಜಾವ ಅಥವಾ ಹೊತ್ತು ಮುಳುಗಿದ ಮೇಲೆ ಆಗಬೇಕು. ಬಿಸಿಲಲ್ಲಿ ಖಾಲಿ ನಿಂತ ಕೊಳವೆಯ ಒಳಮೈ 200 ಡಿಗ್ರಿ ದಾಟಿರುತ್ತದೆ, ಅದಕ್ಕೆ ತಣ್ಣೀರು ಬಿಟ್ಟರೆ ಒಂದರ ಜೊತೆ ಹತ್ತು ಕೊಳವೆ ಒಡೆಯುತ್ತವೆ.