ಫೋನ್ ಜೇಬಿನಲ್ಲೇ ಇದೆ, ಆದರೂ ಇಯರ್‌ಬಡ್ ಯಾಕೆ ಕಟ್ ಆಗುತ್ತೆ?

ಪ್ರಶ್ನೆ: ಮನೆಯಲ್ಲಿ ಫೋನನ್ನು ಒಂದು ಕೋಣೆಯಲ್ಲಿಟ್ಟು ಪಕ್ಕದ ಕೋಣೆಗೆ ಹೋದರೂ ನನ್ನ ಬ್ಲೂಟೂತ್ ಇಯರ್‌ಬಡ್ ಸರಿಯಾಗಿ ಹಾಡುತ್ತದೆ. ಬಯಲಲ್ಲಿ ವಾಕಿಂಗ್ ಹೋದರೆ ಮಾತ್ರ, ಫೋನ್ ಪ್ಯಾಂಟ್ ಜೇಬಿನಲ್ಲೇ ಇದ್ದರೂ, ಹಾಡು ತುಂಡು ತುಂಡಾಗುತ್ತದೆ. ಇಯರ್‌ಬಡ್ ಕೆಟ್ಟಿದೆಯಾ?

ಉತ್ತರ: ಬಹುಶಃ ಕೆಟ್ಟಿಲ್ಲ. ಫೋನಿಗೂ ಕಿವಿಗೂ ನಡುವೆ ಅಡ್ಡ ನಿಂತಿರುವುದು ನೀವೇ!

ಬ್ಲೂಟೂತ್ ಅಂದರೆ ಒಂದು ಪುಟ್ಟ ರೇಡಿಯೊ. 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳಲ್ಲಿ ಅದರ ಮಾತುಕತೆ. ಈ ಅಲೆ ಇಟ್ಟಿಗೆ ಗೋಡೆಯನ್ನು ಹೇಗೋ ದಾಟುತ್ತದೆ. ನೀರು ಸಿಕ್ಕರೆ ಸೋಲುತ್ತದೆ, ಯಾಕಂದರೆ ನೀರು ಅದನ್ನು ಹೀರಿಕೊಂಡುಬಿಡುತ್ತದೆ. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಅಲ್ವಾ? ಬಲಗಡೆ ಜೇಬಿನಿಂದ ಎಡಗಿವಿಗೆ ಹೊರಟ ಅಲೆಯ ದಾರಿಯಲ್ಲಿ ಸೊಂಟ, ಹೊಟ್ಟೆ, ತಲೆ ಎಲ್ಲವೂ ಅಡ್ಡ ಬರುತ್ತವೆ. ಹೊರಡುವಾಗಲೇ ಅದರ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಅದೇ ಫೋನ್ 4ಜಿ ಟವರ್ ಜೊತೆ ಮಾತಾಡುವಾಗ 200 ಮಿಲಿವ್ಯಾಟ್‌ವರೆಗೂ ಏರುತ್ತದೆ.

ಹಾಗಾದರೆ ಮನೆಯಲ್ಲಿ ಯಾಕೆ ತೊಂದರೆ ಇಲ್ಲ? ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಕಿ ನೋಡಿ. ಬೆಳಕು ಬೀಳುವುದು ಒಂದು ಗೋಡೆಗೆ, ಆದರೆ ನಿಮ್ಮ ಬೆನ್ನ ಹಿಂದಿನ ಮೂಲೆಯೂ ಮಬ್ಬಾಗಿ ಕಾಣುತ್ತದೆ. ಬಯಲಲ್ಲಿ ಅದೇ ಟಾರ್ಚ್ ಹಾಕಿದರೆ ಹಿಂದೆ ಪೂರ್ತಿ ಕತ್ತಲು. ಬ್ಲೂಟೂತ್ ಅಲೆಯ ಕಥೆಯೂ ಅದೇ. ಮನೆಯೊಳಗೆ ಅದು ಗೋಡೆ, ಛಾವಣಿ, ಕಬ್ಬಿಣದ ಕಪಾಟಿಗೆಲ್ಲ ಬಡಿದು, ನಿಮ್ಮ ಮೈಯನ್ನು ಸುತ್ತುಹಾಕಿ ಕಿವಿ ಸೇರುತ್ತದೆ. ಬಯಲಲ್ಲಿ ನೆಲ ಒಂದನ್ನು ಬಿಟ್ಟರೆ ಬಡಿದು ಬರಲು ಏನೂ ಇಲ್ಲ. ಗೋಡೆ ಇಲ್ಲದಿರುವುದೇ ಇಲ್ಲಿ ತೊಂದರೆ. ಇದು ಮೊದಲ ಸಲ ಅರ್ಥವಾದಾಗ ನನಗೂ ತಮಾಷೆ ಅನ್ನಿಸಿತ್ತು.

'ಬೇರೆಯವರ ವೈಫೈ ಅಡ್ಡ ಬರುತ್ತಿರಬೇಕು' ಅಂತ ಹಲವರು ಹೇಳುತ್ತಾರೆ. ಸುಳ್ಳೇನಲ್ಲ. ವೈಫೈ, ಮೈಕ್ರೋವೇವ್ ಒಲೆ ಎಲ್ಲವೂ ಇದೇ 2.4ರ ಓಣಿಯಲ್ಲಿ ಓಡಾಡುತ್ತವೆ. ಆದರೆ ಬ್ಲೂಟೂತ್ ಈ ಗಲಾಟೆಗೆ ತಯಾರಾಗಿಯೇ ಬಂದಿದೆ. ಹಾಡು ಕೇಳಿಸುವ ಮಾಮೂಲಿ ಬ್ಲೂಟೂತ್ ಈ ಓಣಿಯನ್ನು 79 ಚಾನೆಲ್‌ಗಳಾಗಿ ಸೀಳಿಕೊಂಡು, ಸೆಕೆಂಡಿಗೆ 1600 ಸಲದವರೆಗೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಎಲ್ಲಿಗೆ ಜಿಗಿಯಬೇಕು ಅನ್ನುವುದು ಫೋನಿಗೂ ಇಯರ್‌ಬಡ್‌ಗೂ ಮೊದಲೇ ಗೊತ್ತು. 2003ರಲ್ಲಿ ಬಂದ 1.2 ಆವೃತ್ತಿಯಿಂದ ಈಚೆಗೆ, ಗದ್ದಲದ ಚಾನೆಲ್ ಯಾವುದು ಅಂತ ಗಮನಿಸಿ ಅದನ್ನು ಬಿಟ್ಟೇ ಜಿಗಿಯುತ್ತದೆ. ಜಿಗಿದು ಗಲಾಟೆ ತಪ್ಪಿಸಿಕೊಳ್ಳಬಹುದು. ಆದರೆ ಮೈಯ ನೆರಳು 79 ಚಾನೆಲ್‌ಗಳ ಮೇಲೂ ಒಟ್ಟಿಗೇ ಬೀಳುತ್ತದೆ, ಎಲ್ಲಿಗೆ ಜಿಗಿದರೂ ಅಷ್ಟೇ.

ಹಳೇ ರೇಡಿಯೊದಂತೆ ಕರಕರ ಸದ್ದು ಬರದೆ ಹಾಡು ಕಟ್ ಆಗುವುದಕ್ಕೂ ಕಾರಣ ಇದೆ. ಹಾಡು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತದೆ. ಒಂದು ಕಳೆದುಹೋದರೆ ಫೋನ್ ಅದನ್ನೇ ಮತ್ತೆ ಕಳಿಸುತ್ತದೆ. ಅಲ್ಲಿಯವರೆಗೆ ಇಯರ್‌ಬಡ್ ತಾನು ಕೂಡಿಟ್ಟುಕೊಂಡ ಚೂರುಪಾರಿನಲ್ಲೇ ಕಾಲ ತಳ್ಳುತ್ತದೆ. ಅದೂ ಮುಗಿದರೆ ಗಪ್‌ಚುಪ್.

ಇನ್ನೊಂದು ತಲೆನೋವು ಎರಡು ಕಿವಿಗಳ ನಡುವೆ. ಹಲವು ವೈರ್‌ಲೆಸ್ ಇಯರ್‌ಬಡ್‌ಗಳಲ್ಲಿ ಒಂದು ಬಡ್ ಫೋನಿನಿಂದ ಹಾಡು ಹಿಡಿದು ಇನ್ನೊಂದಕ್ಕೆ ದಾಟಿಸುತ್ತದೆ. ನಡುವೆ ತಲೆ ಇದೆಯಲ್ಲ! ಅದಕ್ಕೇ ಕೆಲವು ಬಡ್‌ಗಳು ಮತ್ತು ಶ್ರವಣ ಸಾಧನಗಳು ಕಿವಿಯಿಂದ ಕಿವಿಗೆ ರೇಡಿಯೊ ಅಲೆ ಬಿಟ್ಟು ಕಾಂತಕ್ಷೇತ್ರವನ್ನು ಬಳಸುತ್ತವೆ. ಅದಕ್ಕೆ ನೀರಿನ ಹಂಗಿಲ್ಲ, ತಲೆಯನ್ನು ಸಲೀಸಾಗಿ ದಾಟುತ್ತದೆ. ಆದರೆ ಸ್ವಲ್ಪ ದೂರ ಹೋದರೆ ಸಾಕು, ಇಲ್ಲವಾಗುತ್ತದೆ. ಮುಟ್ಟಿಸಿ ಹಣ ಕೊಡುವ ಕಾರ್ಡಿನ ಎನ್‌ಎಫ್‌ಸಿ ಕೂಡ ಇದೇ ಜಾತಿಯದು. 13.56 ಮೆಗಾಹರ್ಟ್ಸ್, ಕೆಲವೇ ಸೆಂಟಿಮೀಟರ್ ದೂರ.

ಪರೀಕ್ಷೆ ಸುಲಭ. ಬಯಲಲ್ಲಿ ಹಾಡು ಕಟ್ ಆದಾಗ ಫೋನನ್ನು ಹಿಂದಿನ ಜೇಬಿನಿಂದ ಮುಂದಿನ ಜೇಬಿಗೆ, ಬಲದಿಂದ ಎಡಕ್ಕೆ ಬದಲಿಸಿ ನೋಡಿ. ಎದೆಯ ಜೇಬಾದರೆ ಇನ್ನೂ ಒಳ್ಳೆಯದು. ಫೋನನ್ನು ಮುಖದ ಮುಂದೆ ಹಿಡಿದರೂ ಹಾಡು ತುಂಡಾಗುತ್ತಿದ್ದರೆ, ಆಗ ಇಯರ್‌ಬಡ್ ಮೇಲೆ ಅನುಮಾನ ಪಡಿ.