‘ವುಡ್’ ಅಂದರೆ ಮರ್ಯಾದೆಯ ‘ವಿಲ್’ ಅಲ್ಲ

ಆಗುಂಬೆ ಕಡೆ ಹಿಡಿದ ಮಳೆ ಶಿವಮೊಗ್ಗಕ್ಕೂ ಬಂತು, ಸಂಜೆ ಹೊತ್ತಿಗೆ ಮೊಬೈಲಿಗೆ ಶಾಲೆಯ ನೋಟಿಸೂ ಬಂತು. ‘ಟುಮಾರೋ ದ ಸ್ಕೂಲ್ ವುಡ್ ರಿಮೇನ್ ಕ್ಲೋಸ್ಡ್.’ ಈ ಮಳೆಗಾಲದಲ್ಲಿ ಇಂಥದ್ದು ನಾನು ಓದಿದ್ದು ಇದೇ ಮೊದಲಲ್ಲ. ಮದುವೆ ಕಾಗದದಲ್ಲಿ ‘ದ ಲಂಚ್ ವುಡ್ ಬಿ ಸರ್ವ್ಡ್’, ಕೆಲಸದ ಅರ್ಜಿಯಲ್ಲಿ ‘ಐ ವುಡ್ ಜಾಯಿನ್ ಫ್ರಮ್ ಮಂಡೇ’. ನಾಳೆ ರಜೆ ಅನ್ನೋದು ಖಚಿತ ತಾನೇ? ಹಾಗಾದರೆ ‘ವಿಲ್’ ಅನ್ನಿ, ಸಾಕು. ‘ವುಡ್’ ಅಂದ ಕೂಡಲೇ ಇಂಗ್ಲಿಷ್ ಕಿವಿಗೆ ‘ಮುಚ್ಚುತ್ತಿತ್ತು, ಆದರೆ...’ ಅಂತ ಏನೋ ಬಾಕಿ ಉಳಿದ ಹಾಗೆ ಕೇಳಿಸುತ್ತದೆ.

ಈ ತಪ್ಪು ಎಲ್ಲಿಂದ ಬರುತ್ತದೆ ಅನ್ನೋದು ನನಗೆ ಗೊತ್ತು. ‘ವುಡ್ ಯೂ ಪ್ಲೀಸ್’ ಅಂತ ಕೇಳಿದರೆ ಮರ್ಯಾದೆ ಅಂತ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಅಲ್ಲಿಂದ ನಮ್ಮ ತಲೆ ಸುಮ್ನೆ ಒಂದು ಲೆಕ್ಕ ಹಾಕಿಬಿಡುತ್ತದೆ: ‘ನೀನು’ಗೆ ‘ನೀವು’ ಹೇಗೋ ‘ವಿಲ್’ಗೆ ‘ವುಡ್’ ಹಾಗೆ. ಹಿರಿಯರಿಗೆ, ಆಫೀಸಿಗೆ, ನೋಟಿಸಿಗೆ ‘ವುಡ್’. ಮನೆಯಲ್ಲಿ ‘ವಿಲ್’. ಈ ಲೆಕ್ಕ ಬುಡದಲ್ಲೇ ತಪ್ಪು. ‘ವುಡ್’ ಹುಟ್ಟಿದ್ದು ‘ವಿಲ್’ನ ಭೂತಕಾಲವಾಗಿ. ಕೇಳಿಕೊಳ್ಳುವಾಗ ಅದು ಮರ್ಯಾದೆಯಾಗಿ ಕಾಣೋದು ಆ ಭೂತಕಾಲದ ರೂಪ ಮಾತನ್ನು ಸ್ವಲ್ಪ ದೂರ ಸರಿಸುತ್ತದೆ ಅಂತ, ಅಷ್ಟೆ.

ಪದದ ಬೇರು ನೋಡಿದರೆ ಇನ್ನೂ ಚೆಂದ. ಹಳೆಯ ಇಂಗ್ಲಿಷಿನಲ್ಲಿ ‘ವಿಲ್ಲನ್’ ಅಂದರೆ ಬಯಸು, ಬೇಕು ಅನ್ನು. ಅದರ ಭೂತಕಾಲ ‘ವೊಲ್ಡೆ’. ಇವತ್ತಿನ ‘ವುಡ್’ ಆ ‘ವೊಲ್ಡೆ’ಯೇ. ಬೇಕು ಅನ್ನೋ ಮಾತು ಸವೆದು ಸವೆದು ಮುಂದೆ ಆಗುವುದರ ಗುರುತಾಯಿತು. ಹಳೆಯ ಅರ್ಥ ಪೂರ್ತಿ ಹೋಗಿಲ್ಲ, ನಮ್ಮ ಮನೆಗಳಲ್ಲೇ ಇದೆ. ಅಜ್ಜ ತೋಟ ಯಾರಿಗೆ ಅಂತ ಬರೆದಿಟ್ಟ ‘ಉಯಿಲು’ ಇದೆಯಲ್ಲ, ಅದು ಇದೇ ‘ವಿಲ್’. ತಾನು ಹೋದಮೇಲೆ ಏನಾಗಬೇಕು ಅನ್ನೋ ಅಜ್ಜನ ಬಯಕೆ. ಉಯಿಲು ಬರೆಯುವ ದಿನ ಅದು ಮುಂದಿನ ಮಾತು. ನಾವು ಅದನ್ನು ತೆಗೆದು ಓದುವ ದಿನಕ್ಕೆ ಅದು ಹಿಂದೆ ನಿಂತು ಮುಂದೆ ನೋಡಿದ ಮಾತು. ಈ ಎರಡನೆಯದಕ್ಕೇ ಇಂಗ್ಲಿಷಿನ ವ್ಯಾಕರಣ ‘ಫ್ಯೂಚರ್ ಇನ್ ದ ಪಾಸ್ಟ್’ ಅನ್ನುತ್ತದೆ. ನಾನು ಅದನ್ನು ‘ಅವತ್ತಿನ ನಾಳೆ’ ಅಂತೀನಿ.

ಅವತ್ತಿನ ನಾಳೆಗೆ ‘ಅವತ್ತು’ ಬೇಕೇ ಬೇಕು. ‘ಹಿ ಸೆಡ್ ಹಿ ವುಡ್ ಕಮ್’ ಅಂದಾಗ ‘ಸೆಡ್’ ಆ ಅವತ್ತನ್ನು ಕೊಡುತ್ತದೆ. ನೋಟಿಸಿನ ವಾಕ್ಯದಲ್ಲಿ ಅವತ್ತು ಎಲ್ಲಿದೆ? ಇಲ್ಲ. ಅದಕ್ಕೇ ಆ ‘ವುಡ್’ ಗಾಳಿಯಲ್ಲಿ ನೇತಾಡುತ್ತದೆ. ಅದೇ ನೋಟಿಸಿನ ಬಗ್ಗೆ ನಾಲ್ಕು ದಿನ ಬಿಟ್ಟು ಹೇಳುವಾಗ ‘ದೇ ಸೆಡ್ ದ ಸ್ಕೂಲ್ ವುಡ್ ರಿಮೇನ್ ಕ್ಲೋಸ್ಡ್’ ಅನ್ನಿ, ಆಗ ಸರಿ.

ನಮಗೆ ಇದು ಕಷ್ಟವಾಗಲು ಕನ್ನಡವೂ ಒಂದು ಕಾರಣ. ನಾವು ‘ನಾಳೆ ಬರ್ತೀನಿ ಅಂತ ಹೇಳಿದ’ ಅನ್ನುತ್ತೇವೆ. ‘ಅಂತ’ ಇದ್ದರೆ ಮುಗೀತು, ಅವನ ಬಾಯಿಂದ ಬಂದದ್ದನ್ನು ಬಂದ ಹಾಗೇ ಇಡಬಹುದು, ಕಾಲ ಬದಲಿಸುವ ತಾಪತ್ರಯವೇ ಇಲ್ಲ. ಇಂಗ್ಲಿಷಿನಲ್ಲಿ ‘ಅಂತ’ ಇಲ್ಲ, ಅದಕ್ಕೆ ಕಾಲವನ್ನೇ ಒಂದು ಮೆಟ್ಟಿಲು ಹಿಂದೆ ಇಳಿಸಬೇಕು. ಹೀಗಾಗಿ ಬೇಕಾದ ಕಡೆ ‘ವುಡ್’ ಬಿಡುತ್ತೇವೆ, ಬೇಡದ ಕಡೆ ಹಾಕುತ್ತೇವೆ. ಆದರೆ ಅವನು ಬರುವುದು ಇನ್ನೂ ಮುಂದೆಯೇ ಇದ್ದರೆ ‘ಹಿ ಸೆಡ್ ಹಿ ವಿಲ್ ಕಮ್’ ಕೂಡ ನಡೆಯುತ್ತದೆ. ಅದನ್ನು ತಪ್ಪು ಅಂತ ಕೆಂಪು ಗೀಟು ಎಳೆಯುವ ಮೇಷ್ಟ್ರುಗಳ ಮೇಲೂ ನನಗೆ ಸ್ವಲ್ಪ ಬೇಜಾರಿದೆ.

ಕನ್ನಡ ಇಲ್ಲಿ ಬರೀ ಅಡ್ಡಿಯಲ್ಲ, ಸಹಾಯವನ್ನೂ ಮಾಡುತ್ತದೆ, ಅದನ್ನು ಯಾರೂ ಹೇಳಿಕೊಡಲ್ಲ. ‘ಮಳೆಗಾಲದಲ್ಲಿ ಅಜ್ಜಿ ಒಲೆ ಮುಂದೆ ಕೂತು ಕಥೆ ಹೇಳೋಳು.’ ‘ಹೇಳುವಳು’ ಶಾಲೆಯ ವ್ಯಾಕರಣದಲ್ಲಿ ಭವಿಷ್ಯತ್ ಕಾಲ. ಆದರೆ ಇಲ್ಲಿ ಹಿಂದಿನ ರೂಢಿಯ ಮಾತು ತಾನೇ? ಇಂಗ್ಲಿಷಿನಲ್ಲೂ ಹಾಗೇ, ‘ಗ್ರ್ಯಾನಿ ವುಡ್ ಟೆಲ್ ಸ್ಟೋರೀಸ್’. ಎರಡೂ ಭಾಷೆ ಮುಂದಿನ ಕಾಲದ ಸರಕನ್ನೇ ಹಿಂದಿನ ರೂಢಿಗೆ ಬಳಸಿಕೊಂಡಿವೆ. ‘ಹೇಳೋಳು’ ಗೊತ್ತಿರುವವರಿಗೆ ಈ ‘ವುಡ್’ ಕಷ್ಟವೇ ಅಲ್ಲ.

ಈಗ ನನಗೆ ತುಂಬಾ ಇಷ್ಟವಾದ ಬಳಕೆ. ಶರಾವತಿಗೆ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, 1940ರ ದಶಕದಲ್ಲಿ. 1964ರಲ್ಲಿ ಅದೇ ನದಿಗೆ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಆದಮೇಲೆ ಈ ಹಳೆಯ ಅಣೆಕಟ್ಟೇ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದರೆ ಮಾತ್ರ ಅದು ಕಾಣುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ದೇ ಬಿಲ್ಟ್ ಅ ಡ್ಯಾಮ್ ದಟ್ ವುಡ್ ಇಟ್‌ಸೆಲ್ಫ್ ಬಿ ಡ್ರೌನ್ಡ್’. ಕಲ್ಲು ಹೊತ್ತವರಿಗೆ ಮುಂದಿನದು ಗೊತ್ತಿರಲಿಲ್ಲ, ಹೇಳುವ ನಮಗೆ ಗೊತ್ತಿದೆ. ಆ ಎರಡೂ ಒಂದು ‘ವುಡ್’ನಲ್ಲಿ ಕೂತಿವೆ. ಇದರ ಜಾಗದಲ್ಲಿ ‘ವಾಸ್ ಟು’ ಹಾಕಿದರೂ ನಡೆಯುತ್ತದೆ, ಆಗ ಸ್ವಲ್ಪ ವಿಧಿಯ ಬಣ್ಣ ಬರುತ್ತದೆ. ಕನ್ನಡದಲ್ಲಾದರೆ ‘ಮುಳುಗಲಿದ್ದ ಅಣೆಕಟ್ಟು’.

ಇಂಥ ಕಥನದ ‘ವುಡ್’ ಇದ್ದರೆ ಮುಂದಿನದು ಆಗಿಯೇ ಆಗಿದೆ ಅಂತ ಅರ್ಥ. ‘ವಾಸ್ ಗೋಯಿಂಗ್ ಟು’ ಹಾಗಲ್ಲ. ಅದು ನಮ್ಮ ‘ಮಾಡಬೇಕು ಅಂತಿದ್ದೆ’. ಕೊಳೆ ರೋಗ ಬರುವ ಮೊದಲೇ ಅಡಿಕೆಗೆ ಮದ್ದು ಹೊಡೆಸಬೇಕು ಅಂತಿದ್ವಿ ಮಾರಾಯ್ರೆ, ಮಳೆ ಬಿಡಲಿಲ್ಲ. ಇಲ್ಲಿ ‘ವಿ ವರ್ ಗೋಯಿಂಗ್ ಟು ಸ್ಪ್ರೇ’ ಅನ್ನಬೇಕು. ಬರೀ ‘ವಿ ವುಡ್ ಸ್ಪ್ರೇ’ ಅಂದರೆ ಪ್ರತಿ ವರ್ಷ ಹೊಡೆಸ್ತಿದ್ವಿ ಅಂತ ಅರ್ಥವಾದೀತು, ಕಥೆಯೇ ತಿರುಗಿ ನಿಲ್ಲುತ್ತದೆ.

‘ವಿಲ್’ಗೆ ‘ವುಡ್’ ಇದ್ದ ಹಾಗೇ ‘ಮೇ’ಗೆ ‘ಮೈಟ್’, ‘ಶಲ್’ಗೆ ‘ಶುಡ್’ ಭೂತಕಾಲದ ರೂಪ. ‘ಮೈಟ್’ಗೆ ಜಾಸ್ತಿ ಹೇಳಬೇಕಾದ್ದಿಲ್ಲ: ‘ಮಳೆ ಬರಬಹುದು ಅನ್ನಿಸಿತು’ ಅನ್ನುವಾಗಿನ ‘ಬಹುದು’ ಅದು. ‘ಶುಡ್’ ಮಾತ್ರ ಎಚ್ಚರ. ಅದರ ಮೂಲ ‘ಶಲ್’ಗೆ ಋಣ ತೀರಿಸಬೇಕು ಅನ್ನುವ ಅರ್ಥವಿತ್ತು. ಹಳೇ ಬ್ರಿಟಿಷ್ ಬರಹದಲ್ಲಿ ‘ಐ ಸೆಡ್ ಐ ಶುಡ್ ಬಿ ಲೇಟ್’ ಅಂದರೆ ‘ತಡವಾಗುತ್ತೆ ಅಂದೆ’ ಅಂತಷ್ಟೆ. ಇವತ್ತು ಹಾಗೆ ಬರೆದರೆ ‘ತಡವಾಗಿ ಬರಬೇಕು ಅಂದೆ’ ಅಂತ ಓದುತ್ತಾರೆ, ಬೇಡ. ‘ಎಂಟಕ್ಕೆ ಬಸ್ಸು ಬರಬೇಕಿತ್ತು’ ಅನ್ನೋದನ್ನೂ ‘ದ ಬಸ್ ಶುಡ್ ಕಮ್’ ಅಂತ ಬರೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ಅದು ಇನ್ನೂ ಬರಬೇಕಾದ ಬಸ್ಸಾಯಿತು. ಬರಬೇಕಿದ್ದ ಬಸ್ಸಿಗೆ ‘ವಾಸ್ ಸಪೋಸ್ಡ್ ಟು ಕಮ್’ ಅನ್ನಿ, ಬರಲೇ ಇಲ್ಲ ಅಂತಲೇ ಹೇಳಬೇಕಿದ್ದರೆ ‘ಶುಡ್ ಹ್ಯಾವ್ ಕಮ್’.