ಬೆಳಗಿನ ಮೊದಲ ಹತ್ತು ಹೆಜ್ಜೆ

"ಮೇಡಂ, ಉಸಿರು ಚೆನ್ನಾಗಿದೆ. ದಮ್ಮು ಕಟ್ಟಲ್ಲ. ಈ ಹಿಮ್ಮಡಿ ಒಂದು ಸರಿಹೋದ್ರೆ ಸಾಕು."

61 ವರ್ಷದ ಓಟಗಾರರೊಬ್ಬರು ಮೊದಲ ದಿನ ನನ್ನೆದುರು ಕುಳಿತು ಹೇಳಿದ ಮಾತಿದು. ಫಿಸಿಯೋಥೆರಪಿಸ್ಟ್ ಆಗಿ ಈ ಮಾತನ್ನು ಈ ವಯಸ್ಸಿನ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಮಾತೇನೋ ನಿಜ. ಆದರೆ ಇವರು ಮತ್ತೆ ಮತ್ತೆ ಪೆಟ್ಟು ತಿನ್ನುವುದೂ ಇದರಿಂದಲೇ. ಗಾಯದ ನಂತರ ಉಸಿರು ಮೊದಲು ವಾಪಸ್ ಬರುತ್ತದೆ, ಕಾಲು ತಡವಾಗಿ ಬರುತ್ತದೆ. ನಡುವೆ ಉಳಿಯುವ ಆ ಕೆಲವು ತಿಂಗಳುಗಳೇ ಅಪಾಯದ ಕಾಲ.

ಅವರು 19 ಮ್ಯಾರಥಾನ್ ಮುಗಿಸಿದವರು. ಎಡಗಾಲಿನ ಹಿಮ್ಮಡಿಯ ಮೇಲೆ ನೋವು ಶುರುವಾದಾಗ ಮೊದಲು ಅದರ ಮೇಲೇ ಓಡಿದರು. ಆಮೇಲೆ ಹೆದರಿ ಮೂರು ತಿಂಗಳು ಪೂರ್ತಿ ನಿಲ್ಲಿಸಿದರು. ನೋವು ಮಾಯವಾಯಿತು. ಮತ್ತೆ ಓಡಿದರು, ಮೂರನೇ ವಾರಕ್ಕೆ ನೋವು ಹಾಜರ್. ಹೀಗೆ ಎರಡು ಸುತ್ತು ಆದ ಮೇಲೆ ನನ್ನ ಹತ್ತಿರ ಬಂದಿದ್ದರು.

ನಾನು ಅವರನ್ನು ಗೋಡೆ ಪಕ್ಕ ನಿಲ್ಲಿಸಿದೆ. ಬೆರಳ ತುದಿಯಿಂದ ಗೋಡೆ ಮುಟ್ಟಿಕೊಂಡು, ಒಂದೇ ಕಾಲಿನಲ್ಲಿ, ಮಂಡಿ ಬಗ್ಗಿಸದೆ ಹಿಮ್ಮಡಿ ಎತ್ತಿ ಇಳಿಸಬೇಕು. ಬಲಗಾಲಿನಲ್ಲಿ 24 ಸಲ ಎತ್ತಿದರು. ಎಡಗಾಲಿನಲ್ಲಿ ಆರನೇ ಸಲಕ್ಕೇ ಮಂಡಿ ಬಗ್ಗತೊಡಗಿತು, ಸೊಂಟ ಮುಂದಕ್ಕೆ ವಾಲಿತು. ಒಂಬತ್ತನೆಯದಕ್ಕೆ ಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ. ಅವರು ಕೆಳಗೆ ನೋಡುತ್ತಾ ಸುಮ್ಮನೆ ನಿಂತರು. ಹಿಂದಿನ ವಾರವಷ್ಟೇ ಇದೇ ಕಾಲಿನಲ್ಲಿ 14 ಕಿಲೋಮೀಟರ್ ಓಡಿದ್ದರು. ಓಟ ನಿಲ್ಲಿಸಿದಾಗ ನೋವು ಹೋಗಿತ್ತು ನಿಜ, ಆದರೆ ಶಕ್ತಿಯೂ ಅದರ ಜೊತೆಗೇ ಹೋಗಿತ್ತು. ಪೂರ್ತಿ ವಿಶ್ರಾಂತಿ ಮಾಡುವುದು ಇದನ್ನೇ. ವೃತ್ತಿಗೆ ಬಂದ ಹೊಸತರಲ್ಲಿ ನಾನೂ "ಆರು ವಾರ ಓಡಬೇಡಿ" ಅಂತ ಬರೆದುಕೊಟ್ಟು ಕಳಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ.

ಹಿಮ್ಮಡಿ ಮೇಲಿನ ಆ ದಪ್ಪ ಹಗ್ಗದಂಥದ್ದನ್ನು ಜನ 'ನರ' ಅನ್ನುತ್ತಾರೆ. ಅದು ನರ ಅಲ್ಲ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜು. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಆರರಿಂದ ಎಂಟು ಪಟ್ಟು ಎಳೆತ ಬೀಳುತ್ತದೆ. 70 ಕಿಲೋ ತೂಗುವವರಿಗೆ ಅದು 400 ಕಿಲೋ ದಾಟುತ್ತದೆ. ಮ್ಯಾರಥಾನ್‌ನ 42.195 ಕಿಲೋಮೀಟರ್ ಅಂದರೆ ಸುಮಾರು 40,000 ಹೆಜ್ಜೆ, ಒಂದೊಂದು ಕಾಲಿಗೆ 20,000 ಸಲ. ಒಂಬತ್ತನೇ ಸಲಕ್ಕೇ ಸೋತ ಕಾಲಿಗೆ ಇದು ಎಂಥ ಭಾರ ಅಂತ ಯೋಚಿಸಿ.

ಉಸಿರು ಯಾಕೆ ಬೇಗ ಬರುತ್ತದೆ? ಓಟ ಮತ್ತೆ ಶುರು ಮಾಡಿದ ಒಂದೆರಡು ವಾರದಲ್ಲೇ ಮೈಯಲ್ಲಿ ರಕ್ತದ ಪ್ರಮಾಣ ಜಾಸ್ತಿಯಾಗುತ್ತದೆ. ಕೆಲವೇ ವಾರಗಳಲ್ಲಿ ಹೃದಯವೂ ಸ್ನಾಯುಗಳೂ ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಸ್ನಾಯುರಜ್ಜಿಗೆ ರಕ್ತ ಹರಿಯುವುದೇ ಕಡಿಮೆ, ಅದರ ಕೆಲಸವೆಲ್ಲ ನಿಧಾನ. ಎಷ್ಟು ನಿಧಾನ ಅನ್ನುವುದನ್ನು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಒಂದು ಅಪರೂಪದ ದಾರಿಯಲ್ಲಿ ಅಳೆದು ತೋರಿಸಿದರು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ಏರಿ, ಆಮೇಲೆ ವರ್ಷ ವರ್ಷ ಇಳಿಯುತ್ತಾ ಬಂತು. ದೇಹದ ಭಾಗವೊಂದು ಯಾವ ಕಾಲದಲ್ಲಿ ರೂಪುಗೊಂಡಿತೋ ಆ ಕಾಲದ ಗುರುತು ಅದರಲ್ಲಿ ಉಳಿದಿರುತ್ತದೆ. ಅಕಿಲಿಸ್‌ನ ಒಳತಿರುಳಿನಲ್ಲಿ ಸಿಕ್ಕಿದ್ದು ಆ ವ್ಯಕ್ತಿಯ ಮೊದಲ 17 ವರ್ಷದ ಗುರುತು! ಅಂದರೆ 61ರ ಈ ಓಟಗಾರರ ಹಿಮ್ಮಡಿಯ ಹಗ್ಗದ ತಿರುಳು ಅವರ ಹದಿಹರೆಯ ಮುಗಿಯುವ ಹೊತ್ತಿಗೇ ಹೆಚ್ಚು ಕಡಿಮೆ ತಯಾರಾಗಿತ್ತು. ಅದನ್ನು ಬದಲಾಯಿಸಲು ಆಗುವುದಿಲ್ಲ. ಬಲಪಡಿಸಲು ಮಾತ್ರ ಖಂಡಿತ ಆಗುತ್ತದೆ, ಯಾವ ವಯಸ್ಸಿನಲ್ಲೂ. ಅದಕ್ಕೆ ಬೇಕಾದ್ದು ಭಾರ, ಸಾಕಷ್ಟು ಭಾರ. ಜೊತೆಗೆ ತಿಂಗಳುಗಟ್ಟಲೆ ತಾಳ್ಮೆ.

ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ 15 ಓಟಗಾರರ ಮೇಲೆ ನಡೆಸಿದ ಪ್ರಯೋಗ ನಮ್ಮ ಕೆಲಸದ ದಾರಿಯನ್ನೇ ಬದಲಿಸಿತು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, 15ರಂತೆ ಮೂರು ಸುತ್ತು, ದಿನಕ್ಕೆರಡು ಸಲ, 12 ವಾರ. ನೋವಿದ್ದರೂ ಮಾಡಬೇಕಿತ್ತು. ಅವರೆಲ್ಲ ಓಟಕ್ಕೆ ಮರಳಿದರು. ದಿನ ಬಿಟ್ಟು ದಿನ, ಹೆಚ್ಚು ಭಾರ ಹೊತ್ತು ನಿಧಾನವಾಗಿ ಎತ್ತಿ ಇಳಿಸಿದರೂ ಅಷ್ಟೇ ಫಲ ಸಿಗುತ್ತದೆ ಅಂತ ಮುಂದೆ ಗೊತ್ತಾಯಿತು. ಹಿರಿಯರಿಗೆ ನಾನು ಕೊಡುವುದು ಈ ಎರಡನೆಯದು. ಅವರಿಗೆ ನಡುವೆ ಸುಧಾರಿಸಿಕೊಳ್ಳುವ ದಿನ ಬೇಕೇ ಬೇಕು. ಮೂರು ಎಣಿಸುತ್ತಾ ಮೇಲೆ, ಮೂರು ಎಣಿಸುತ್ತಾ ಕೆಳಗೆ. ಒಮ್ಮೆ ಮಂಡಿ ನೇರ ಇಟ್ಟು, ಒಮ್ಮೆ ಬಗ್ಗಿಸಿ. ಬಗ್ಗಿಸಿ ಮಾಡುವುದನ್ನು ಬಿಡಬೇಡಿ. ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ ಬೀಳುವುದು ಆಗಲೇ. ದೂರದ ಓಟದಲ್ಲಿ ದೊಡ್ಡ ಪಾಲು ಹೊರುವುದೂ ಅದೇ. ಬೆನ್ನಿಗೆ ಚೀಲ ಹಾಕಿ ತೂಕ ಏರಿಸುತ್ತಾ ಹೋಗಬೇಕು. ಸುಮ್ನೆ ಕೈಬೀಸಿಕೊಂಡು ಹಿಮ್ಮಡಿ ಎತ್ತಿದರೆ 400 ಕಿಲೋಗೆ ತಯಾರಾಗುವುದಿಲ್ಲ, ಅಲ್ವಾ?

ಇಲ್ಲಿ ನೋವಿನ ಪ್ರಶ್ನೆ ಬರುತ್ತದೆ. "ಸ್ವಲ್ಪ ನೋಯುತ್ತೆ, ಓಡಲಾ ಬೇಡ್ವಾ?" ಇದಕ್ಕೆ ನನ್ನ ಹತ್ತಿರ ಇರುವ ಅತ್ಯಂತ ನಂಬಿಕೆಯ ಅಳತೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆ. ಆಗಿನ ನೋವು, ಬಿಗಿತಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ, ಬರೆದಿಡಿ. ವ್ಯಾಯಾಮ ಮಾಡುವಾಗ ನೋವು ಐದರ ತನಕ ಹೋದರೂ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಅಂಕ ಎಂದಿನ ಮಟ್ಟಕ್ಕೆ ಇಳಿದಿರಬೇಕು. ವಾರದಿಂದ ವಾರಕ್ಕೆ ಏರಬಾರದು. ಈ ಲೆಕ್ಕ ಹಿಡಿದುಕೊಂಡು ವ್ಯಾಯಾಮದ ಜೊತೆಗೆ ಓಟ ಮುಂದುವರಿಸಿದವರೂ, ಅದೇ ವ್ಯಾಯಾಮ ಮಾಡುತ್ತಾ ಓಟಕ್ಕೆ ಮಾತ್ರ ಕೆಲವು ವಾರ ಬಿಡುವು ಕೊಟ್ಟವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು ಅಂತ ಸ್ವೀಡನ್ನಿನ 2007ರ ಅಧ್ಯಯನ ತೋರಿಸಿತು. ಈ ನೋವು ಓಡುವಾಗ ಮೈ ಬಿಸಿಯಾದಂತೆ ಅಡಗಿಬಿಡುತ್ತದೆ. ಅದಕ್ಕೇ ಓಡುವಾಗಿನ ಕಾಲನ್ನು ನಂಬಬಾರದು. ಮರುದಿನದ ಬೆಳಗನ್ನು ನಂಬಬೇಕು.

ನಮ್ಮ ಓಟಗಾರರು ಮಂಚದ ಪಕ್ಕದ ಗೋಡೆಗೆ ಕ್ಯಾಲೆಂಡರ್ ಹಾಕಿ, ಕಟ್ಟಿದ ದಾರದಲ್ಲಿ ಪೆನ್ಸಿಲ್ ನೇತುಬಿಟ್ಟಿದ್ದರು. ಒಂದು ದಿನ ಅದನ್ನೇ ಬಿಚ್ಚಿಕೊಂಡು ತಂದರು. 3, 3, 2, 3, 2, ಆಮೇಲೆ ಇದ್ದಕ್ಕಿದ್ದಂತೆ 6. ಹಿಂದಿನ ದಿನದ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ "ಏರು ದಾರಿ, ವೇಗವಾಗಿ" ಅಂತಿತ್ತು. ನಾನೇನೂ ಹೇಳಬೇಕಾಗಲಿಲ್ಲ. ಏರು ಮತ್ತು ವೇಗ, ಇವೆರಡೂ ಹಿಮ್ಮಡಿಯ ಮೇಲೆ ಹೆಚ್ಚು ಭಾರ ಹಾಕುವಂಥವು. ಅವನ್ನು ಕೊನೆಗೆ ಸೇರಿಸಿಕೊಳ್ಳಬೇಕು. ಮೊದಲು ನಡಿಗೆ ಬೆರೆಸಿದ ಓಟ, ಆಮೇಲೆ ನಿಧಾನದ ಓಟ, ದೂರ, ಎಲ್ಲಕ್ಕಿಂತ ಆಮೇಲೆ ವೇಗ.

ದೂರ ಎಷ್ಟು ಹೆಚ್ಚಿಸಬೇಕು? ವಾರಕ್ಕೆ ಶೇ 10 ಅನ್ನುವ ಹಳೇ ನಿಯಮ ಎಲ್ಲರಿಗೂ ಬಾಯಿಪಾಠ. ಹೊಸದಾಗಿ ಓಡುವವರ ಮೇಲೆ ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿದಾಗ ಅದರಿಂದ ಗಾಯಗಳು ಕಡಿಮೆಯಾಗಲಿಲ್ಲ. 2025ರಲ್ಲಿ 5,000ಕ್ಕೂ ಹೆಚ್ಚು ಓಟಗಾರರ ಲೆಕ್ಕ ನೋಡಿದವರಿಗೆ ಕಂಡದ್ದು ಬೇರೆ. ವಾರದ ಒಟ್ಟು ಮೊತ್ತಕ್ಕಿಂತ ಒಂದೇ ದಿನದ ದುಡುಕು ಹೆಚ್ಚು ಕೆಟ್ಟದ್ದು. ಹಿಂದಿನ 30 ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ 10ಕ್ಕೂ ಹೆಚ್ಚು ದೂರವನ್ನು ಒಂದೇ ಸಲಕ್ಕೆ ಓಡಿದಾಗ ಗಾಯದ ಅಪಾಯ ಏರಿತ್ತು. ಉಸಿರು ಚೆನ್ನಾಗಿರುವವರು ಮಾಡುವ ತಪ್ಪು ಇದೇ. 12ಕ್ಕೆ ನಿಲ್ಲಿಸಬೇಕಾದಲ್ಲಿ "ಇವತ್ತು ಚೆನ್ನಾಗಿದೆ" ಅಂತ 18 ಓಡಿಬಿಡುತ್ತಾರೆ.

ಕೆಲವು ವಿಷಯ ಈ ವಯಸ್ಸಿನವರಿಗೆ ಹೇಳಲೇಬೇಕು. ಸಿಪ್ರೊಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಗುಂಪಿನ ಆಂಟಿಬಯೋಟಿಕ್‌ಗಳು ಸ್ನಾಯುರಜ್ಜನ್ನು ಹಾಳು ಮಾಡಬಲ್ಲವು, ಹರಿಯುವಂತೆಯೂ ಮಾಡಬಲ್ಲವು. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಬೇರೆ ಔಷಧಿ ಆಗುತ್ತದಾ ಅಂತ ವೈದ್ಯರನ್ನು ಕೇಳಿ. ನೋವಿನ ಮಾತ್ರೆ ನುಂಗಿ ಮ್ಯಾರಥಾನ್ ಓಡಬೇಡಿ, ಮೂತ್ರಪಿಂಡಕ್ಕೆ ಪೆಟ್ಟು. ಹಿಮ್ಮಡಿಗೆ ಹಿಂದಿನಿಂದ ಯಾರೋ ಒದ್ದಂತಾಗಿ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ರಾತ್ರಿ ಮಲಗಿದಾಗಲೂ ಎಲುಬಿನ ಒಂದೇ ಜಾಗ ನೋಯುತ್ತಿದ್ದರೆ ಅದು ಮೂಳೆಯ ಬಿರುಕಿರಬಹುದು. ಅಲ್ಲಿ ನಾನು ಹೇಳಿದ ನೋವಿನ ಲೆಕ್ಕ ನಡೆಯುವುದಿಲ್ಲ, ಓಟ ನಿಲ್ಲಿಸಲೇಬೇಕು. ಬಹಳ ತಿಂಗಳು ಬಿಟ್ಟು ಮರಳುವವರು ಹೃದಯವನ್ನೂ ಒಮ್ಮೆ ತೋರಿಸಿಕೊಳ್ಳಿ. ಉಸಿರು ಚೆನ್ನಾಗಿದ್ದ ಮಾತ್ರಕ್ಕೆ ಹೃದಯದ ರಕ್ತನಾಳಗಳೂ ಚೆನ್ನಾಗಿವೆ ಅಂತಲ್ಲ.

ಇನ್ನು ಟೈಮಿಂಗ್. ಇದನ್ನು ಮಾತಾಡುವಾಗ ಎಷ್ಟೋ ಜನರ ಕಣ್ಣು ತುಂಬಿದ್ದನ್ನು ನೋಡಿದ್ದೇನೆ. ಹಳೇ ವೇಗ ಕಾಲಿಗೆ ಮರೆತರೂ ತಲೆಗೆ ಮರೆಯುವುದಿಲ್ಲ. ಅಂಥವರಿಗೆ ನಾನು ಕೆನಡಾದ ಎಡ್ ವಿಟ್ಲಾಕ್ ಅವರ ವಿಷಯ ಹೇಳುತ್ತೇನೆ. 70ರಲ್ಲಿ 3 ಗಂಟೆಯೊಳಗೆ ಮ್ಯಾರಥಾನ್ ಮುಗಿಸಲು ಹೊರಟವರಿಗೆ 2001ರಲ್ಲಿ ಅರ್ಧ ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಅದು ತಪ್ಪಿತು. ಆಮೇಲೆ ಮೊಣಕಾಲು ಕಾಡಿತು. 2003ರಲ್ಲಿ, 72ರ ವಯಸ್ಸಿನಲ್ಲಿ, 2 ಗಂಟೆ 59 ನಿಮಿಷ 10 ಸೆಕೆಂಡಿಗೆ ಮುಗಿಸಿದರು. 70 ದಾಟಿ ಅದನ್ನು ಮಾಡಿದ ಮೊದಲಿಗರು ಅವರು. ಮರುವರ್ಷ ಇನ್ನೂ ನಾಲ್ಕು ನಿಮಿಷ ಕಡಿಮೆ ಮಾಡಿದರು. ಎಲ್ಲರೂ ಹಾಗೆ ಓಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆ ನಡುವಿನ ಎರಡು ವರ್ಷವನ್ನು ನೋಡಿ ಅನ್ನುತ್ತೇನೆ ಅಷ್ಟೇ.

ನಮ್ಮ ಓಟಗಾರರ ಎಡಗಾಲು 22 ಸಲ ಎತ್ತುವ ಹೊತ್ತಿಗೆ ಏಳು ತಿಂಗಳಾಗಿತ್ತು. ಮೊದಲು ಒಂದು ಹಾಫ್ ಮ್ಯಾರಥಾನ್ ಓಡಿದರು. 14ನೇ ತಿಂಗಳಲ್ಲಿ ಪೂರ್ತಿ ಮ್ಯಾರಥಾನ್, 4 ಗಂಟೆ 26 ನಿಮಿಷ. ಹಿಂದಿನ ಅವರ ಅತ್ಯುತ್ತಮ ಸಮಯಕ್ಕಿಂತ ಮುಕ್ಕಾಲು ಗಂಟೆ ಜಾಸ್ತಿ. ಮರುದಿನ ಬೆಳಿಗ್ಗೆ ಆರೂಕಾಲಿಗೆ ನನ್ನ ಫೋನಿಗೆ ಮೆಸೇಜ್ ಬಂತು. "ತೊಡೆ ಎರಡೂ ಹಿಡ್ಕೊಂಡಿವೆ, ಗೋಡೆ ಹಿಡ್ಕೊಂಡೇ ಎದ್ದೆ. ಹಿಮ್ಮಡಿ 1."